ತವರಿನ ಕೆಂಪುರಸ

ಮಿಡಿಗೇಶಿ
14 ನವೆಂಬರ್ 1978

ತಂಗಿ ರಾಜಿಗೆ ಅಣ್ಣ ಚಿಕ್ಕಹನುಮಯ್ಯನ ಆಶೀರ್ವಾದಗಳು.

ನೀನು ಬಸುರಿ ಎನ್ನುವ ಸುದ್ದಿಯನ್ನು ನಿನ್ನ ಅತ್ತಿಗೆ ರಂಗಕ್ಕನಿಗೆ ಓದಿ ಹೇಳಿದವನು ನಾನಲ್ಲ, ನನ್ನ ಮಗಳು ಅಶ್ವತ್ಥಿ. ಆರನೇ ಕ್ಲಾಸಿಗೆ ಬಂದಳಲ್ಲ, ಅವ್ವನಿಗೆ ಕಾಗದ ಓದಿ ಹೇಳುವ ಹಕ್ಕು ತನ್ನದೇ ಎಂದು ನನ್ನ ಕೈಯಿಂದ ಕಿತ್ತುಕೊಂಡಳು. ರಂಗಕ್ಕನಿಗೆ ಅಕ್ಷರ ಬಾರದಿದ್ದದ್ದು ನನಗೆ ಎಷ್ಟು ಅನುಕೂಲವಾಗಿತ್ತು! ನೀನು ನನ್ನ ಮೇಲೆ ಬರೆದ ದೂರುಗಳನ್ನೆಲ್ಲ ಹಾರಿಸಿ ಓದುತ್ತಿದ್ದೆ. ಇನ್ನು ಆ ಸುಖವಿಲ್ಲ. ಮಗಳಿಗೆ ನಮ್ಮವ್ವನ ಹೆಸರಿಟ್ಟದ್ದಕ್ಕೆ ಅವ್ವನ ಬಾಯಿಯೂ ಬಂದಿದೆ.

ಈ ಸಲ ದಾಳಿಂಬೆ ಗಿಡಗಳು ನೆಲಕ್ಕೆ ಬಾಗಿವೆ. ಅವ್ವ ಕೆಂಪುರಸ ಹಾಕುತ್ತಿದ್ದ ಮಣ್ಣಿನ ಗುಡಾಣ ನಿನಗೆ ನೆನಪಿರಬೇಕು. ಅವಳು ತೀರಿಕೊಂಡ ವರ್ಷವೇ ಅದೂ ಬಿರುಕು ಬಿಟ್ಟಿತು. ಎರಡು ವರ್ಷ ರಸ ಹಾಕಲು ಮನಸ್ಸೇ ಬರಲಿಲ್ಲ. ಈಗ ನಿನಗಾಗಿ ಹಾಕಿದ್ದೇನೆ. ಗುಡಾಣದ ಬದಲು ಅವ್ವನ ಹಿತ್ತಾಳೆ ಹಂಡೆ ಇಳಿಸಿದೆ. ಹುಳಿಗೆ ಹಿತ್ತಾಳೆ ಕಿಲುಬು ಹಿಡಿಯುತ್ತದೆ ಎಂದು ನನಗೂ ಗೊತ್ತು, ಗಾಬರಿಯಾಗಬೇಡ. ಶಿರಾದ ಕಲಾಯಿ ಸಾಬರನ್ನು ಕರೆಸಿ ಒಳಗೆಲ್ಲ ದಪ್ಪಗೆ ಕಲಾಯಿ ಹಾಕಿಸಿದೆ. ಅವರು ಹತ್ತಿಯಿಂದ ಉಜ್ಜಿ ತೋರಿಸಿ, "ಫಿಕರ್ ಮಾಡ್ಬೇಡಿ ಗೌಡ್ರೆ, ಇದ್ರಾಗೆ ಮಕ ನೋಡ್ಕಂಡು ಗಡ್ಡ ಕೆರ್ಕೋಬೌದು" ಎಂದರು. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ಅವ್ವನ ಕ್ರಮ ಒಂದನ್ನೂ ಬಿಟ್ಟಿಲ್ಲ. ಕಾಳು ಬಿಡಿಸಿ, ಬೀಜ ಜಜ್ಜದ ಹಾಗೆ ಕೈಯಲ್ಲೇ ಹಿಸುಕಿ, ಪಂಚೆಯಲ್ಲಿ ಸೋಸಿ, ಬೆಲ್ಲ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಒಂದು ತಿಂಗಳು ಬಿಟ್ಟೆ. ದಿನಾ ಕಿವಿಯಿಟ್ಟು ಕೇಳುತ್ತಿದ್ದೆ. ಗುಳುಗುಳು ಎನ್ನುವುದು ನಿಂತ ಮೇಲೆ ಸೋಸಿದೆ. ನಡುವೆ ದಿನಕ್ಕೊಂದು ಸೌಟು ರುಚಿ ನೋಡಿದ್ದು ನಿಜ. ಮಾಡುವವನು ನೋಡದೆ ಇನ್ಯಾರು ನೋಡಬೇಕು?

ಪಾವಗಡದ ಬಸ್ಸಿನ ಕಂಡಕ್ಟರ್ ಹುಚ್ಚಣ್ಣನ ಕೈಯಲ್ಲಿ ನಾಲ್ಕು ಬಾಟಲಿ ಕಳಿಸಿದ್ದೇನೆ. ಸಂಜೆ ಒಂದು ಲೋಟ ಕುಡಿ. ನೀನು ಹೊಟ್ಟೆಯಲ್ಲಿದ್ದಾಗ ಅವ್ವ ಕುಡಿದದ್ದು ಇದೇ. ನಿನ್ನ ಅತ್ತೆ ಕೇಳಿದರೆ ಅರಿಷ್ಟ ಎನ್ನು, ಹೆಂಡ ಎಂದುಕೊಂಡಾರು. ನಿನ್ನ ಯಜಮಾನ ಕದರಪ್ಪ ಮೇಷ್ಟ್ರಿಗೂ ಒಂದು ಗುಟುಕು ಕೊಡಬೇಡ. ಇದು ಬಸುರಿ ಬಾಣಂತಿಯರ ಪಾಲು.

ಚಿಕ್ಕಹನುಮಯ್ಯ


ನಾಗಲಮಡಿಕೆ
2 ಫೆಬ್ರವರಿ 1979

ಅಣ್ಣನಿಗೆ ರಾಜಲಕ್ಷ್ಮಿ ಮಾಡುವ ನಮಸ್ಕಾರ.

ಹೇಗೆ ಬರೆಯಬೇಕೋ ತಿಳಿಯದೆ ಇಷ್ಟು ದಿನ ಸುಮ್ಮನಿದ್ದೆ. ಮಗು ನಿಲ್ಲಲಿಲ್ಲ. ಐದು ತುಂಬಿತ್ತು. ಹೆಣ್ಣಂತೆ, ಸೂಲಗಿತ್ತಿ ಹೇಳಿದಳು.

ನಾನು ಏನೂ ಭಾರ ಎತ್ತಿರಲಿಲ್ಲ. ಪಪ್ಪಾಯಿ, ಎಳ್ಳು ಮುಟ್ಟಿರಲಿಲ್ಲ. ನೀನು ಕಳಿಸಿದ ನಾಲ್ಕು ಬಾಟಲಿಯೂ ಮುಗಿದಿವೆ, ಒಂದು ಹನಿ ಚೆಲ್ಲಿಲ್ಲ. ಸಂಜೆ ಆ ಲೋಟ ಹಿಡಿದು ಕೂತರೆ ನಮ್ಮ ಹಿತ್ತಿಲಲ್ಲೇ ಕೂತ ಹಾಗೆ ಆಗುತ್ತಿತ್ತು. ಇಲ್ಲಿ ನನ್ನದು ಅನ್ನುವುದು ಅದೊಂದೇ ಇತ್ತು.

ಇವರು ಒಳ್ಳೆಯವರು, ಏನೂ ಅನ್ನಲಿಲ್ಲ. ಅತ್ತೆಯೂ ಏನೂ ಅನ್ನಲಿಲ್ಲ ಎಂದುಕೋ. ನೀನು ಬರುವುದು ಬೇಡ, ನಾನು ಗಟ್ಟಿಯಾಗಿದ್ದೇನೆ. ಅತ್ತಿಗೆ ಅಳದ ಹಾಗೆ ಓದಿ ಹೇಳು ಎಂದು ಅಶ್ವತ್ಥಿಗೆ ಹೇಳು.

ರಾಜಿ


ಮಿಡಿಗೇಶಿ
3 ಡಿಸೆಂಬರ್ 1979

ರಾಜಿ,

ನಾಲ್ಕು ಬಾಟಲಿ ಕಳಿಸಿದ್ದು ನನ್ನ ತಪ್ಪು. ನಾಲ್ಕರಲ್ಲಿ ಏನಾಗುತ್ತದೆ, ಗಿಡದ ಬುಡಕ್ಕೆ ಒಂದು ಚೊಂಬು ನೀರು ಹಾಕಿ ಹಣ್ಣು ಕೇಳಿದ ಹಾಗೆ. ಅವ್ವ ಹೊತ್ತಿಗೊಂದು ಲೋಟ ಕುಡಿಯುತ್ತಿದ್ದಳು ಎಂದು ಊರಿನ ಮುದುಕಿಯರು ಹೇಳಿದರು. ಈ ಸಲ ಎಂಟು ಕಳಿಸಿದ್ದೇನೆ. ಬಸುರಾಗುವ ತನಕ ಕಾಯಬೇಡ, ಈಗಿನಿಂದಲೇ ಕುಡಿ. ರಕ್ತ ಮೊದಲು ಗಟ್ಟಿಯಾಗಬೇಕು. ಹೋದ ಬೇಸಿಗೆಯಲ್ಲಿ ನಿನ್ನನ್ನು ನೋಡಿದೆನಲ್ಲ, ಸುಣ್ಣ ಬಳಿದ ಗೋಡೆಯ ಹಾಗೆ ಇದ್ದೆ.

ಹಂಡೆಗೆ ವರ್ಷಾವರ್ಷಾ ಹೊಸ ಕಲಾಯಿ ಹಾಕಿಸುತ್ತೇನೆ. ಹಳೆಯ ಕಲಾಯಿ ರಸ ತೆಗೆದ ಮೇಲೆ ಮಂಕಾಗಿಬಿಡುತ್ತದೆ, ಅಲ್ಲಲ್ಲಿ ಎದ್ದೇ ಹೋಗಿರುತ್ತದೆ. ಅದರಲ್ಲೇ ಮತ್ತೆ ಹಾಕಲು ನಾನೇನು ಬುದ್ಧಿ ಇಲ್ಲದವನೇ?

ನಿನ್ನನ್ನು ನಗಿಸುವ ಒಂದು ಸಂಗತಿ ಹೇಳಬೇಕು. ಕಾರ್ಕು ಬಿಗಿ ಹೆಚ್ಚಾಗಿ ಆ ಎಂಟರಲ್ಲಿ ಒಂದು ಬಾಟಲಿ ಬಸ್ಸಿನಲ್ಲೇ ಢಂ ಎಂದಿತಂತೆ. ಡ್ರೈವರು ಟೈರು ಹೋಯಿತೆಂದು ನಿಲ್ಲಿಸಿ ಇಳಿದು ಸುತ್ತು ಹಾಕಿ ಬಂದನಂತೆ. ಹುಚ್ಚಣ್ಣನ ಕಾಕಿ ಅಂಗಿಯೆಲ್ಲ ಕೆಂಪು. "ನಿಮ್ ತಂಗೀಗೆ ಮಗ ಹುಟ್ಲಿ, ಹೊಸ ಅಂಗಿ ಹೊಲ್ಸ್ಕೊಡ್ಬೇಕು ಕಣಣ್ಣೋ" ಎಂದ. ಒಪ್ಪಿಕೊಂಡಿದ್ದೇನೆ.

ನಿನ್ನ ಅಣ್ಣ


ನಾಗಲಮಡಿಕೆ
18 ಜೂನ್ 1981

ಅಣ್ಣ,

ಹುಚ್ಚಣ್ಣನಿಗೆ ಅಂಗಿ ಹೊಲಿಸುವ ಹಾಗಿಲ್ಲ. ಮೊನ್ನೆ ಇನ್ನೊಂದು ಹೋಯಿತು. ಈ ಸಲ ನಿನಗೆ ಮೊದಲೇ ತಿಳಿಸಿರಲಿಲ್ಲ. ಗಟ್ಟಿಯಾದ ಮೇಲೆ ಹೇಳೋಣ ಎಂದು ಕಾದಿದ್ದೆ.

ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಹೇಗೂ ನಿನ್ನ ಕಿವಿಗೆ ಬೀಳುತ್ತದೆ. ಅತ್ತೆ ಮಡಕಶಿರಾ ಕಡೆ ಹೋಗಿ ಇವರಿಗೆ ಒಂದು ಹುಡುಗಿ ನೋಡಿಕೊಂಡು ಬಂದಿದ್ದಾರೆ. ನನ್ನೆದುರೇ ಪಕ್ಕದ ಮನೆಯವರಿಗೆ, "ಏಮಿ ಪಾಪಮೋ ಏಮೋ, ಈ ಹೊಟ್ಟೇಲಿ ಒಂದೂ ನಿಲ್ಲಾಕಿಲ್ಲ. ನಂಗೆ ಇರೋನು ಒಬ್ಬ ಕೊಡುಕು, ವಂಶ ಬೇಡ್ವಾ?" ಎಂದರು. ಇವರು ಬೇಡ ಎಂದು ಹಟ ಹಿಡಿದಿದ್ದಾರೆ. ಎಷ್ಟು ದಿನ ಹಿಡಿಯುತ್ತಾರೆ? ಒಂದು ಮಗು ಜೀವಂತವಾಗಿ ನನ್ನ ಮಡಿಲಿಗೆ ಬಂದರೆ ಸಾಕು, ಹೆಣ್ಣಾಗಲಿ ಗಂಡಾಗಲಿ ಕುರುಡಾಗಲಿ. ಬರದಿದ್ದರೆ ಈ ಮನೆಯಲ್ಲಿ ನನಗೆ ಕೊಟ್ಟಿಗೆಯೇ ಗತಿ.

ಕೆಂಪುರಸ ಎರಡೇ ಬಾಟಲಿ ಉಳಿದಿದೆ. ಇದ್ದರೆ ಇನ್ನಷ್ಟು ಕಳಿಸು.

ರಾಜಿ


ಮಿಡಿಗೇಶಿ
5 ಜುಲೈ 1981

ರಾಜಿಗೆ ಅಣ್ಣ ತಿಳಿಸುವುದು.

ಅಕ್ಷರ ನೋಡಿ ಬೆಚ್ಚಬೇಡ. ಬರೆಯುತ್ತಿರುವವಳು ಅಶ್ವತ್ಥಿ, ಹೇಳುತ್ತಿರುವವನು ನಾನು. ಮಗಳನ್ನು ಹೈಸ್ಕೂಲಿಗೆ ಹಾಕಿ ಇಷ್ಟೂ ಪ್ರಯೋಜನ ಪಡೆಯದಿದ್ದರೆ ಹೇಗೆ? ನನಗೆ ಸೋಮಾರಿತನ ಬಂದಿದೆ ಎಂದುಕೋ.

ಮಡಕಶಿರಾ ಹುಡುಗಿಯ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ನಿನ್ನ ಅತ್ತೆಗೆ ಹೇಳು, ನಾಗಲಮಡಿಕೆಗೆ ನಾನು ಬಂದರೆ ಬರಿಗೈಯಲ್ಲಿ ಬರುವುದಿಲ್ಲ, ಹಿಂದಿರುಗುವಾಗ ತಂಗಿಯನ್ನೂ ಕರೆದುಕೊಂಡೇ ಬರುತ್ತೇನೆ. ಹೇಳಬೇಡ, ಬಿಡು. ಮೇಷ್ಟ್ರು ಒಳ್ಳೆಯವರು.

ಅಟ್ಟದ ಮೇಲೆ ಇದ್ದ ಅಷ್ಟೂ ಬಾಟಲಿ ಕಳಿಸಿದ್ದೇನೆ. ತಳದ ಗಸಿ ಮಾತ್ರ ನನಗೆ ಸಾಕು. ಊಟಕ್ಕೆ ಮುಂಚೆ ಅದನ್ನು ಕುಡಿದರೆ ಹೊಟ್ಟೆಗೆ ಹಿತ ಎನಿಸುತ್ತದೆ. ಈ ದೀಪಾವಳಿಗೆ ಹಂಡೆ ತುಂಬ ಹಾಕುತ್ತೇನೆ. ನಿನಗೆ ಮಗು ಆಗುವ ತನಕ ನಮ್ಮ ತೋಟದ ಒಂದು ಹಣ್ಣೂ ಮಧುಗಿರಿ ಸಂತೆಗೆ ಹೋಗುವುದಿಲ್ಲ. ಇದು ನನ್ನ ಮಾತು.

ಚಿಕ್ಕಹನುಮಯ್ಯ

ಅತ್ತೆ, ನಾನೂ ಒಂದು ತೊಟ್ಟು ಕುಡಿಯುತ್ತೇನೆ ಎಂದರೆ ಅಪ್ಪ ಬಿಡುವುದಿಲ್ಲ. ಮದುವೆಯಾಗದ ಹುಡುಗಿಯರಿಗೆ ಕೊಡಬಾರದಂತೆ. ನಿಮ್ಮ ಬಾಟಲಿಗಳನ್ನು ತೊಳೆದವಳು ಮಾತ್ರ ನಾನೇ. ಇತಿ ಅಶ್ವತ್ಥಿ.


ನಾಗಲಮಡಿಕೆ
27 ಮಾರ್ಚ್ 1983

ಅಣ್ಣ,

ಗಂಡು ಮಗು. ಎಂಟು ತಿಂಗಳಿಗೇ ಆಯಿತು. ಬೆಳಿಗ್ಗೆ ಹುಟ್ಟಿ ಸಂಜೆಯ ತನಕ ಇತ್ತು. ಅತ್ತಿತು ಕೂಡ. ಎಷ್ಟು ಸಣ್ಣ ಧ್ವನಿ ಅಂದರೆ ನನಗಲ್ಲದೆ ಬೇರೆ ಯಾರಿಗೂ ಕೇಳಿಸಲಿಲ್ಲ.

ಮೂಗು ನಿನ್ನದೇ ಇತ್ತು.

ಇವರು ನನ್ನನ್ನು ಆಂಧ್ರದ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ತೋರಿಸುತ್ತಾರಂತೆ. ಬೇಸಿಗೆ ರಜೆಯಲ್ಲಿ ಆಗದಿದ್ದರೆ ಮಳೆಗಾಲದಲ್ಲಿ. ಅದೂ ಆಗದಿದ್ದರೆ ಅತ್ತೆ ಹೇಳಿದ್ದಕ್ಕೆ ನಾನೇ ಒಪ್ಪಿಬಿಡುತ್ತೇನೆ. ನನಗೆ ಸಾಕಾಗಿದೆ ಅಣ್ಣ.

ರಾಜಿ


ಆಸ್ಪತ್ರೆಯಿಂದ
30 ಜುಲೈ 1983

ಯಜಮಾನರಿಗೆ ರಾಜಲಕ್ಷ್ಮಿ ಮಾಡುವ ನಮಸ್ಕಾರಗಳು.

ನೀವು ಶಾಲೆಗೆ ಹಿಂದಿರುಗಿದ ಮೇಲೆ ಇಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಜೋರಾಗಿ ಓದಬೇಡಿ.

ಡಾಕ್ಟರಮ್ಮ ನನ್ನ ತುಟಿ ಮೇಲೆತ್ತಿ ಒಸಡು ನೋಡಿದರು. ಅಂಚಿನಲ್ಲಿ ನೀಲಿ ಗೆರೆ ಇದೆಯಂತೆ. ಬ್ಯಾಟರಿ ಕೆಲಸ, ಪ್ರೆಸ್ಸಿನ ಕೆಲಸ ಏನಾದರೂ ಮಾಡುತ್ತೀಯಾ ಎಂದು ಕೇಳಿದರು. ನಾನು ಮೇಷ್ಟ್ರ ಹೆಂಡತಿ ಎಂದೆ. ಹೊಟ್ಟೆ ಹಿಂಡಿದ ಹಾಗೆ ನೋವು ಬರುತ್ತದೆಯೇ ಎಂದರು. ನಿಮಗೂ ಹೇಳದ ನೋವು ಅದು, ನಾಲ್ಕು ವರ್ಷದಿಂದ ಇದೆ. ಆಮೇಲೆ ಮಂಚದ ಪಕ್ಕದಲ್ಲಿದ್ದ ಬಾಟಲಿ ಕಣ್ಣಿಗೆ ಬಿತ್ತು. ಶಕ್ತಿಗೆ ಎಂದು ಅಣ್ಣನ ಕೆಂಪುರಸವನ್ನು ಇಲ್ಲಿಗೂ ತಂದಿದ್ದೆನಲ್ಲ. ಅದನ್ನು ಪರೀಕ್ಷೆಗೆ ಕಳಿಸಿದರು.

ಅದರಲ್ಲಿ ಸೀಸ ಇದೆ. ಕಲಾಯಿ ಹಾಕುವ ಕಡ್ಡಿಗೆ ಸೀಸ ಬೆರೆಸುತ್ತಾರಂತೆ, ಅದು ಅಗ್ಗ. ಹುಳಿ ರಸ ಹಂಡೆಯಲ್ಲಿ ತಿಂಗಳುಗಟ್ಟಲೆ ನಿಂತರೆ ಅದೆಲ್ಲ ಬಿಟ್ಟುಕೊಂಡು ರಸಕ್ಕೆ ಇಳಿಯುತ್ತದೆ. ರುಚಿ ಕೆಡುವುದಿಲ್ಲ. ಬಸುರಿ ಕುಡಿದರೆ ಮಗುವಿಗೆ ಹೋಗುತ್ತದೆ. ನನ್ನ ಮೂರು ಮಕ್ಕಳೂ ಅದರಿಂದಲೇ ಹೋಗಿರಬೇಕು ಎಂದರು. ಅವ್ವನ ಕಾಲದಲ್ಲಿ ಮಣ್ಣಿನ ಗುಡಾಣ. ಅವಳಿಗೆ ಏನೂ ಆಗಲಿಲ್ಲ.

ಇಂಜೆಕ್ಷನ್ ಕೊಡುತ್ತಿದ್ದಾರೆ. ಕುಡಿಯುವುದು ಬಿಟ್ಟು ಮೈ ಸುಧಾರಿಸಿದರೆ ಮಗು ನಿಲ್ಲಬಹುದಂತೆ. ನೀವು ಮನೆಯಲ್ಲಿರುವ ಬಾಟಲಿಗಳನ್ನೆಲ್ಲ ತಿಪ್ಪೆಗೆ ಚೆಲ್ಲಿ. ನಿಮ್ಮ ಅಮ್ಮನಿಗೆ ಮಾತ್ರ ಹೇಳಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ. ತವರಿನವರು ವಿಷ ಹಾಕಿದರು ಎಂದು ಊರೆಲ್ಲ ಸಾರುತ್ತಾರೆ, ಆಮೇಲೆ ನಾನು ಆ ಬೀದಿಯಲ್ಲಿ ತಲೆಯೆತ್ತಿ ನಡೆಯಲಾರೆ.

ಅಣ್ಣನಿಗೂ ಬರೆಯಬೇಡಿ. ಅವ್ವ ಹೋದಾಗ ಅವನು ಅನ್ನ ಬಿಟ್ಟು ತೋಟದ ಬಾವಿಯ ಕಟ್ಟೆಯ ಮೇಲೆ ಕೂತಿದ್ದ. ಹಿಂದಿನಿಂದ ಹಿಡಿದು ಎಳೆದುಕೊಂಡು ಬಂದದ್ದು ನಾನು ಮತ್ತು ಅತ್ತಿಗೆ. ಮೂರು ಕೂಸುಗಳನ್ನು ನೀನೇ ತೆಗೆದೆ ಎಂದು ಅವನಿಗೆ ಯಾವ ಬಾಯಲ್ಲಿ ಹೇಳಲಿ? ಅತ್ತಿಗೆಗೆ ಗುಟ್ಟಾಗಿ ಬರೆಯೋಣವೆಂದರೆ ಅವಳಿಗೆ ಓದಲು ಬರದು, ಅಶ್ವತ್ಥಿ ಓದಿದರೆ ಅವನಿಗೆ ಕೇಳಿಸುತ್ತದೆ. ಒಂದು ಮಗು ಉಳಿಯಲಿ. ಅದನ್ನು ಅವನ ತೊಡೆಯ ಮೇಲೆ ಕೂರಿಸಿ ನಾನೇ ಹೇಳುತ್ತೇನೆ. ಆಗ ತಡೆದುಕೊಂಡಾನು.

ಒಂದು ಯೋಚನೆ ಮಾತ್ರ ಕೊರೆಯುತ್ತಿದೆ. ಈ ಕಾಯಿಲೆಗೆ ಕೈ ಸೋಲುತ್ತದಂತೆ. ಎರಡು ವರ್ಷದಿಂದ ಅಣ್ಣನ ಕಾಗದಗಳು ಅಶ್ವತ್ಥಿಯ ಅಕ್ಷರದಲ್ಲೇ ಬರುತ್ತಿವೆ.

ನಿಮ್ಮ
ರಾಜಲಕ್ಷ್ಮಿ


ನಾಗಲಮಡಿಕೆ
21 ಆಗಸ್ಟ್ 1983

ಅಣ್ಣ,

ಆಸ್ಪತ್ರೆಯಿಂದ ಬಂದೆ. ಚೆನ್ನಾಗಿದ್ದೇನೆ. ರಕ್ತದಲ್ಲಿ ಸಕ್ಕರೆಯ ಅಂಶ ಇದೆಯಂತೆ, ಬೆಲ್ಲ ಹಾಕಿದ್ದು ಯಾವುದೂ ಕೂಡದು ಎಂದರು. ಆದ್ದರಿಂದ ಇನ್ನು ಮೇಲೆ ಕೆಂಪುರಸ ಕಳಿಸಬೇಡ. ತಪ್ಪು ತಿಳಿಯಬೇಡ.

ನಿನಗೂ ವಯಸ್ಸಾಯಿತು, ನೀನೂ ಅದನ್ನು ಬಿಟ್ಟರೆ ಒಳ್ಳೆಯದು. ಹಾಕಲೇಬೇಕು ಎಂದಿದ್ದರೆ ಕುಂಬಾರರ ಹತ್ತಿರ ಹೊಸ ಗುಡಾಣ ಮಾಡಿಸು. ಅವ್ವನ ಕಾಲದ ರುಚಿ ಹಂಡೆಯದಕ್ಕೆ ಬರಲಿಲ್ಲ ಎಂದು ನನಗೆ ಯಾವಾಗಲೂ ಅನಿಸುತ್ತಿತ್ತು. ನಿನ್ನ ಕೈಗಳು ಹೇಗಿವೆ? ಹೊಟ್ಟೆನೋವು ಏನಾದರೂ ಇದೆಯೇ? ನಿಜ ಬರೆ.

ರಾಜಿ


ಮಿಡಿಗೇಶಿ
4 ಸೆಪ್ಟೆಂಬರ್ 1983

ಚಿ. ಸೌ. ರಾಜಲಕ್ಷ್ಮಿಗೆ ಚಿಕ್ಕಹನುಮಯ್ಯ ತಿಳಿಸುವುದೇನೆಂದರೆ,

ನಿನಗೆ ಯಾರು ಚಾಡಿ ಹೇಳಿದರೆಂದು ನನಗೆ ಗೊತ್ತು. ಆ ಹುಚ್ಚಣ್ಣನ ಬಾಯಿಗೆ ಬೀಗವಿಲ್ಲ. ನಾನು ಕುಡುಕನಾಗಿದ್ದೇನೆ, ಕೈ ನಡುಗುತ್ತದೆ, ಗಿಡ ಸವರುವ ಕತ್ತರಿ ಹಿಡಿಯಲಾರೆ ಎಂದು ಊರಲ್ಲಿ ಆಡಿಕೊಳ್ಳುವವರು ಇದ್ದಾರೆ. ನನ್ನ ತಂಗಿಯೂ ಅವರ ಜೊತೆ ಸೇರಿ ಕೈ ಹೇಗಿದೆ, ಹೊಟ್ಟೆ ಹೇಗಿದೆ ಎಂದು ಕೇಳುತ್ತಾಳೆ ಎಂದುಕೊಂಡಿರಲಿಲ್ಲ. ಹಬ್ಬಕ್ಕೆ ಒಂದು ಲೋಟ ಬಿಟ್ಟರೆ ನಾನು ಮುಟ್ಟುವುದಿಲ್ಲ. ನನ್ನ ಕೈ ಕಲ್ಲಿನ ಹಾಗಿದೆ.

ರುಚಿ ಬರಲಿಲ್ಲವಂತೆ! ಇಷ್ಟು ವರ್ಷ ಕುಡಿದು ಈಗ ಹೇಳುತ್ತೀಯಾ? ಮೇಷ್ಟ್ರ ಹೆಂಡತಿಗೆ ಹಳ್ಳಿಯ ಅಣ್ಣ ಮಾಡಿದ್ದು ಹೆಂಡದ ಹಾಗೆ ಕಂಡಿರಬೇಕು. ಆಗಲಿ. ಬೇಡ ಎಂದ ಮೇಲೆ ಕಳಿಸುವುದಿಲ್ಲ.

ಚಿಕ್ಕಹನುಮಯ್ಯ


ನಾಗಲಮಡಿಕೆ
12 ಅಕ್ಟೋಬರ್ 1984

ಅಣ್ಣ,

ವರ್ಷದ ಮೇಲಾಯಿತು, ನಿನ್ನಿಂದ ಲಗ್ನಪತ್ರಿಕೆ ಒಂದು ಬಿಟ್ಟರೆ ಒಂದಕ್ಷರ ಬಂದಿಲ್ಲ. ಅಶ್ವತ್ಥಿಯ ಧಾರೆಗೆ ನಾನು ಬರಲಿಲ್ಲವೆಂದು ಸಿಟ್ಟು ಬೇರೆ ಸೇರಿರಬೇಕು. ಆಗ ನನಗೆ ಐದು ತಿಂಗಳು, ಬಸ್ಸು ಹತ್ತಬಾರದು ಎಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದ್ದರು. ಹೇಳಿದರೆ ದೃಷ್ಟಿಯಾದೀತು ಎಂದು ಕಾರಣ ಬರೆಯಲಿಲ್ಲ.

ಈಗ ಹೇಳುತ್ತೇನೆ. ಗಂಡು ಮಗು! ಹೋದ ತಿಂಗಳು ಹುಟ್ಟಿದ. ತುಂಬಿದ ತಿಂಗಳಲ್ಲೇ. ಇವನ ಅಳು ಕೇಳಿ ಅತ್ತೆ ಕಿವಿ ಮುಚ್ಚಿಕೊಳ್ಳುತ್ತಾರೆ, ನನಗೆ ಎಷ್ಟು ಕೇಳಿದರೂ ಸಾಲದು. ಮಡಕಶಿರಾ ಮಾತು ಮುಗಿಯಿತು. ನಿದ್ದೆಯಲ್ಲಿ ಉಸಿರಾಡುತ್ತಾನೋ ಇಲ್ಲವೋ ಎಂದು ಮೂಗಿಗೆ ಬೆರಳು ಹಿಡಿದು ನೋಡುತ್ತೇನೆ, ಎದ್ದುಬಿಡುತ್ತಾನೆ.

ನಾಮಕರಣಕ್ಕೆ ಸೋದರಮಾವ ಬರದಿದ್ದರೆ ಹೆಸರು ಕೂಗುವವರು ಯಾರು? ಬಾ ಅಣ್ಣ. ನಿನ್ನ ಎದುರು ಕೂತು ಹೇಳಬೇಕಾದ ಒಂದು ಮಾತೂ ಇದೆ, ಕಾಗದದಲ್ಲಿ ಬರೆಯುವಂಥದ್ದಲ್ಲ. ನೀನು ಬರುವ ತನಕ ಹೆಸರಿಡುವುದಿಲ್ಲ.

ನಿನ್ನ
ರಾಜಿ


ಮಿಡಿಗೇಶಿ
9 ಡಿಸೆಂಬರ್ 1984

ರಾಜಿಗೆ ಅಣ್ಣನ ಆಶೀರ್ವಾದ. ಇದನ್ನು ಪೋಸ್ಟ್‌ಮ್ಯಾನ್ ದಾಸಣ್ಣನ ಕೈಯಲ್ಲಿ ಬರೆಸುತ್ತಿದ್ದೇನೆ. ನನ್ನ ಗುಮಾಸ್ತೆ ಅಶ್ವತ್ಥಿ ಕೊರಟಗೆರೆಯ ಗಂಡನ ಮನೆ ಸೇರಿದಳಲ್ಲ.

ಮಗುವಿನ ಸುದ್ದಿ ಕೇಳಿ ನಿನ್ನ ಅತ್ತಿಗೆ ಬೀದಿಗೆಲ್ಲ ಸಕ್ಕರೆ ಹಂಚಿದಳು. ನಾನು ತೋಟಕ್ಕೆ ಹೋಗಿ ಒಬ್ಬನೇ ಅತ್ತೆ. ಹುಚ್ಚಣ್ಣನಿಗೆ ಅಂಗಿ ಬಟ್ಟೆ ಕೊಡಿಸಿದ್ದಾಯಿತು. ಸಿಟ್ಟೆಲ್ಲ ಅವತ್ತೇ ಹೋಯಿತು ಕಣಮ್ಮ, ಹೆಸರು ಕೂಗಲು ಬರಲಾಗಲಿಲ್ಲ ಎನ್ನುವುದೇ ಸಂಕಟ. ನಿನಗೆ ಹೇಳಿದ್ದು ಸುಳ್ಳು. ಕೈ ಎರಡೂ ಮಣಿಕಟ್ಟಿನಿಂದ ಜೋತುಬಿದ್ದಿವೆ, ಎತ್ತಲು ಆಗುವುದಿಲ್ಲ. ಬಸ್ಸಿನ ಕಂಬಿ ಹಿಡಿಯಲಾರೆ. ಮುದ್ದೆ ಮುರಿದು ಕೊಡುವವಳು ನಿನ್ನ ಅತ್ತಿಗೆ. ಯಾವ ಮುಖ ಇಟ್ಟುಕೊಂಡು ನಿನ್ನ ಬೀಗರ ಪಂಕ್ತಿಯಲ್ಲಿ ಕೂರಲಿ? ವಾತ ಎನ್ನುತ್ತಾರೆ, ಬೇಸಿಗೆಗೆ ಸರಿಹೋಗಬಹುದು.

ಇನ್ನೊಂದು ಸಂತೋಷದ ಸುದ್ದಿ. ಅಶ್ವತ್ಥಿಗೆ ಐದನೇ ತಿಂಗಳು. ನೀನು ಬೇಡ ಎಂದೆಯಲ್ಲ, ಆ ಬಾಟಲಿಗಳು ಅಟ್ಟದ ಮೇಲೆ ಹಾಗೇ ಇದ್ದವು. ವ್ಯರ್ಥವಾಗಲಿಲ್ಲ. ಮದುವೆಯಾದಾಗಿನಿಂದ ಒಂದೊಂದಾಗಿ ಕೊರಟಗೆರೆಗೆ ಹೋಗುತ್ತಿವೆ. ಹೋದ ವಾರ ಈ ವರ್ಷದ ಹೊಸ ರಸವನ್ನೂ ಕಳಿಸಿದೆ. ಹಿಸುಕುವುದು ನನ್ನಿಂದಾಗಲಿಲ್ಲ, ರಂಗಕ್ಕನೇ ಹಿಸುಕಿದಳು. ಹೊತ್ತಿಗೊಂದು ಲೋಟ ತಪ್ಪದೆ ಕುಡಿಯುತ್ತಾಳಂತೆ. "ಅಪ್ಪಾ, ಅತ್ತೆ ಪಾಲು ನಂಗೆ ಬಂದ್ಬುಡ್ತು ನೋಡು" ಎಂದು ನಗುತ್ತಿದ್ದಳು.

ಅದೇನು ಮಾತು, ಕಾಗದದಲ್ಲಿ ಬರೆಯಲಾಗದ್ದು? ಬರೆ. ದಾಸಣ್ಣ ಓದಿ ಹೇಳುತ್ತಾನೆ, ಅವನು ನಮ್ಮವನೇ.

ನಿನ್ನ ಅಣ್ಣ


ನಾಗಲಮಡಿಕೆ
13 ಡಿಸೆಂಬರ್ 1984

ಅಣ್ಣ,

ಅಶ್ವತ್ಥಿಗೆ ಆ ರಸ ಕುಡಿಸಬೇಡ. ನೀನೂ ಕುಡಿಯಬೇಡ. ಹಂಡೆಯ ಕಲಾಯಿಯಲ್ಲಿ ಸೀಸ ಇದೆ, ಅದು ರಸಕ್ಕೆ ಇಳಿದು ವಿಷವಾಗಿದೆ. ನನ್ನ ಮೂರು ಮಕ್ಕಳು ಹೋದದ್ದು ಅದರಿಂದ. ನಿನ್ನ ಕೈ ಬಿದ್ದದ್ದೂ ಅದರಿಂದಲೇ, ವಾತದಿಂದಲ್ಲ. ನಾನು ಬಿಟ್ಟ ಮೇಲೆ ನನ್ನ ಮಗ ಉಳಿದ. ಕೊರಟಗೆರೆಗೆ ಈಗಲೇ ತಂತಿ ಕೊಟ್ಟಿದ್ದೇನೆ. ಈ ಕಾಗದ ಮುಟ್ಟಿದ ಕೂಡಲೇ ನೀನೂ ಆಳು ಕಳಿಸು. ಅವಳನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿ.

ಹೋದ ವರ್ಷ ಆಸ್ಪತ್ರೆಯಲ್ಲೇ ನನಗೆ ಗೊತ್ತಾಯಿತು. ನೀನು ಬಾವಿ ಕಟ್ಟೆಗೆ ಹೋಗುತ್ತೀ ಎಂದು ಹೆದರಿ ಸುಮ್ಮನಿದ್ದೆ. ಹಬ್ಬಕ್ಕೆ ಒಂದು ಲೋಟ ಎಂದು ನೀನು ಬರೆದದ್ದನ್ನು ನಂಬಿ, ನಾನೊಬ್ಬಳೇ ಕುಡಿಯುವವಳು ಎಂದುಕೊಂಡಿದ್ದೆ. ಅಟ್ಟದ ಮೇಲಿನ ಬಾಟಲಿಗಳು ನೆನಪಿಗೇ ಬರಲಿಲ್ಲ. ಅಶ್ವತ್ಥಿ ನನಗೆ ಇನ್ನೂ ಬಾಟಲಿ ತೊಳೆಯುವ ಹುಡುಗಿಯೇ ಆಗಿದ್ದಳು.

ಬಾವಿಯ ಹತ್ತಿರ ಹೋಗಬೇಡ. ಅತ್ತಿಗೆಗೆ ಹೇಳು, ನಿನ್ನನ್ನು ಕಾಯಲಿ.

ರಾಜಿ


ಮಿಡಿಗೇಶಿ
2 ಫೆಬ್ರವರಿ 1985

ರಾಜಿಗೆ ಅಣ್ಣ ಹೇಳಿ ಬರೆಸಿದ್ದು.

ನಿನ್ನ ತಂತಿ ಸಿಕ್ಕ ದಿನವೇ ಅಶ್ವತ್ಥಿ ಕುಡಿಯುವುದನ್ನು ಬಿಟ್ಟಳು. ಅಳಿಯಂದಿರು ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋದರು. ಒಂದು ತಿಂಗಳು ಎಲ್ಲರೂ ಆಸೆ ಇಟ್ಟುಕೊಂಡಿದ್ದೆವು. ಸಂಕ್ರಾಂತಿ ಆದ ಮೇಲೆ ಮಗು ಒಳಗೇ ತೀರಿಕೊಂಡಿತು. ಈಗ ಅವಳು ಇಲ್ಲಿದ್ದಾಳೆ. ಇದನ್ನು ಬರೆಯುತ್ತಿರುವವಳೂ ಅವಳೇ, ಬೇಡವೆಂದರೂ ಕೇಳಲಿಲ್ಲ.

ನಾನು ಬಾವಿಗೆ ಹೋಗಲಿಲ್ಲ. ಹೋಗಲು ಮನಸ್ಸಿತ್ತು. ಕಟ್ಟೆ ಹತ್ತಲು ಕೈ ಊರಬೇಕು, ಆ ಕೈಗಳೂ ಇಲ್ಲ. ನಾನು ಸಾಯುತ್ತೇನೆ ಎಂದು ನೀನು ಹೆದರಿದೆಯಂತೆ. ಹೇಳಿದ್ದರೆ ಸಾಯುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ ರಾಜಿ. ಆ ಹಂಡೆಯನ್ನಂತೂ ಅವತ್ತೇ ಒಡೆಯುತ್ತಿದ್ದೆ. ನಿನ್ನ ಮೂರನ್ನು ನಾನು ಗೊತ್ತಿಲ್ಲದೆ ತೆಗೆದೆ. ಈ ಒಂದನ್ನು ಯಾರು ತೆಗೆದರು ಎಂದು ನನ್ನನ್ನು ಕೇಳಬೇಡ, ನನ್ನ ಬಾಯಿಂದ ಕೆಟ್ಟ ಮಾತು ಬರುತ್ತದೆ. ಸುಳ್ಳು ನಾನೂ ಹೇಳಿದೆ. ನಿನ್ನ ಕಾಗದಕ್ಕೆ ನಿಜ ಬರೆದಿದ್ದರೆ ನೀನು ಓಡಿಬರುತ್ತಿದ್ದೆ. ಅದೂ ರಾತ್ರಿ ಹಗಲು ತಲೆಯಲ್ಲಿ ತಿರುಗುತ್ತಿದೆ.

ಕಲಾಯಿ ಸಾಬರು ಮೊನ್ನೆ ಬಂದಿದ್ದರು. ಹೊಡೆಸೋಣವೆಂದೇ ಕರೆಸಿದ್ದೆ. ನನ್ನ ಕೈ ನೋಡಿ ನೆಲದ ಮೇಲೆ ಕೂತುಬಿಟ್ಟರು. "ಎಲ್ಲಾರೂ ಅದೇ ಕಡ್ಡಿ ತರೋದು ಗೌಡ್ರೆ. ಸಾರು ಕುದ್ಸಿ ಇಳ್ಸೋ ಪಾತ್ರೆಗೆ ಏನಾಗ್ತೈತೆ ಅಂತ ಹಾಕ್ತೀವಿ. ನೀವು ತಿಂಗ್ಳಾನುಗಟ್ಲೆ ಹುಳಿ ಮಡಗ್ತೀರ ಅಂತ ಅಲ್ಲಾನಾಣೆ ಗೊತ್ತಿರ್ಲಿಲ್ಲ" ಎಂದು ಅತ್ತರು. ಅವರ ಬೆರಳೂ ನೆಟ್ಟಗಿಲ್ಲ. ನೀರು ಕೊಟ್ಟು ಕಳಿಸಿದೆವು. ಹಂಡೆಯನ್ನು ಜಜ್ಜಿಸಿ ಹೂಳಿಸಿದ್ದೇನೆ.

ತೋಟದಲ್ಲಿ ಹಣ್ಣು ಒಡೆದು ಬೀಳುತ್ತಿವೆ, ಅಳಿಲುಗಳು ತಿನ್ನುತ್ತಿವೆ. ಸದ್ಯಕ್ಕೆ ನೀನು ಇಲ್ಲಿಗೆ ಬರಬೇಡ. ಮುಂದೆ ಯಾವಾಗಲಾದರೂ ಮನಸ್ಸು ತಿಳಿಯಾದರೆ ನಾನೇ ಕರೆಯುತ್ತೇನೆ. ಮಗುವನ್ನು ಚೆನ್ನಾಗಿ ನೋಡಿಕೋ.

ಚಿಕ್ಕಹನುಮಯ್ಯ

ಅತ್ತೆಯವರಿಗೆ ಅಶ್ವತ್ಥಿ ಮಾಡುವ ನಮಸ್ಕಾರ.

ಅಪ್ಪ ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದೇನೆ. ಅವರು ಈಗ ಮಲಗಿದ್ದಾರೆ.

ಕೆಂಪುರಸ ಬೇಡ ಎಂದು ನೀವು ಬರೆದ ಕಾಗದವನ್ನು ಅವ್ವನಿಗೆ ಓದಿ ಹೇಳಿದವಳು ನಾನು. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಬಾಟಲಿಗಳನ್ನೆಲ್ಲ ಚೆಲ್ಲಿಬಿಡಲು ಅಟ್ಟ ಹತ್ತಿದ್ದರು. "ಚೆಲ್ಬ್ಯಾಡ ಕಣಪ್ಪ, ಮಡಗು. ನನ್ ಮದ್ವೆ ಆದ್ಮೇಲೆ ನಾನು ಕುಡೀತೀನಿ" ಎಂದು ಅವರ ಕೈ ಹಿಡಿದು ಇಳಿಸಿದವಳೂ ನಾನೇ. ನೀವು ಆ ಕಾಗದದಲ್ಲಿ ಇನ್ನೊಂದು ಸಾಲು ಬರೆದಿದ್ದರೆ ಸಾಕಾಗಿತ್ತು ಅತ್ತೆ. ನಾನು ಓದುತ್ತಿದ್ದೆ.

ನನಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ. ಹೋಗುತ್ತದೋ ಇಲ್ಲವೋ ಗೊತ್ತಿಲ್ಲ.

ನನ್ನ ಮಗುವಿಗೆಂದು ಎರಡು ಕುಲಾವಿ ಹೊಲಿದಿದ್ದೆ. ಒಂದು ಕೆಂಪು, ಒಂದು ಹಳದಿ. ಇಲ್ಲಿ ಕಣ್ಣೆದುರಿಗೆ ಇದ್ದರೆ ಅವ್ವ ಅಳುತ್ತಾಳೆ. ಹುಚ್ಚಣ್ಣನ ಕೈಯಲ್ಲಿ ಕಳಿಸಿದ್ದೇನೆ, ನಿಮ್ಮ ಮಗನಿಗೆ ಹಾಕಿ. ಅವನಿಗೆ ಈಗ ನಾಲ್ಕು ತಿಂಗಳಾಗಿರಬೇಕು, ಸಣ್ಣದಾದರೆ ಹಿಂದೆ ಹೊಲಿಗೆ ಬಿಚ್ಚಿಕೊಳ್ಳಿ. ಬಟ್ಟೆ ಒಳಗೆ ಮಡಿಸಿ ಬಿಟ್ಟಿದ್ದೇನೆ.

ಇತಿ
ಅಶ್ವತ್ಥಿ